ಅವ್ವಂದು ಬಿಟ್ಟಿ, ಅವರದ್ದು ಸೌಲಭ್ಯ!

ಈ ಸಲ ಊರಿನ ಜಾತ್ರೆ ಬಗ್ಗೆ ಬರೀಬೇಕು ಅಂತ ಕೂತಿದ್ದೆ. ಅರ್ಧ ಬರೆದೂ ಇಟ್ಟಿದ್ದೆ. ಆದರೆ ಬಸ್ಸಿನಲ್ಲಿ ನಡೆದ ಒಂದು ಸಣ್ಣ ಸಂಗತಿ ತಲೆಯಲ್ಲಿ ಕೂತು ಕೊರೀತಾನೇ ಇದೆ. ಅದನ್ನು ಹೊರಗೆ ಹಾಕದ ಹೊರತು ಜಾತ್ರೆ ತೇರು ಮುಂದೆ ಹೋಗೋ ಹಾಗೆ ಕಾಣಲ್ಲ. ಅದಕ್ಕೇ ಇದು.

ಅವ್ವನಿಗೆ ಕಣ್ಣಿನ ಪೊರೆ ಬಂದಿದೆ. ಡಾಕ್ಟರಿಗೆ ತೋರಿಸೋಣ ಅಂತ ಹಾವೇರಿಯಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಸರ್ಕಾರಿ ಬಸ್ಸು, ಬೆಳಗಿನ ಹೊತ್ತು, ಹೇಗೋ ಇಬ್ಬರಿಗೂ ಸೀಟು ಸಿಕ್ಕಿತ್ತು. ಕಂಡಕ್ಟರ್ ಬಂದ. ಅವ್ವ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಆಧಾರ್ ಕಾರ್ಡು ತೆಗೆದು ತೋರಿಸಿದಳು. ಆತ ಶೂನ್ಯ ಟಿಕೆಟ್ ಹರಿದು ಕೊಟ್ಟ. ನಾನು ನನ್ನ ಟಿಕೆಟ್ಟಿಗೆ ದುಡ್ಡು ಕೊಟ್ಟೆ. ಇಷ್ಟೇ ವ್ಯವಹಾರ.

ನಮ್ಮ ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯ. ಬಿಳಿ ಅಂಗಿ, ಬಿಳಿ ಪ್ಯಾಂಟು, ಜೇಬಿನಲ್ಲಿ ಎರಡು ಮೊಬೈಲು. ಯಾವ ಪಕ್ಷ ಅಂತ ಕೇಳಬೇಡಿ, ಈ ಸಮವಸ್ತ್ರ ಎಲ್ಲ ಪಕ್ಷದವರದ್ದೂ ಒಂದೇ. ಆತ ಪಕ್ಕದವನಿಗೆ ಹೇಳಿದ, ನಮಗೂ ಕೇಳಲಿ ಅನ್ನೋ ಹಾಗೆ: "ಬಿಟ್ಟಿ ಬಸ್ ಮಾಡ್ಯಾರ ನೋಡ್ರಿ, ಹೆಣ್ಮಕ್ಕಳು ಮನ್ಯಾಗ ನಿಲ್ಲವಲ್ರು. ಸರ್ಕಾರ ದಿವಾಳಿ ಆಗೂದು ಬಾಕಿ."

ಅವ್ವ ಏನೂ ಮಾತಾಡಲಿಲ್ಲ. ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಕಿಟಕಿ ಕಡೆ ಮುಖ ತಿರುಗಿಸಿದಳು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳ ಮೂಗು ಒರೆಸಿದವಳು ಇವಳು. ಗೌರವಧನ ಅನ್ನೋ ಹೆಸರಿನಲ್ಲಿ ಕೊಟ್ಟಷ್ಟು ತಗೊಂಡು ಬದುಕಿದವಳು. "ಮನ್ಯಾಗ ನಿಲ್ಲವಲ್ರು" ಅನ್ನೋ ಮಾತು ಅವಳಿಗೆ!

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಬಂಕಾಪುರ ದಾಟುವ ಹೊತ್ತಿಗೆ ಆ ಮನುಷ್ಯನಿಗೆ ಒಂದು ಫೋನ್ ಬಂತು. ಆತ ಹೇಳಿದ್ದು ಇಡೀ ಬಸ್ಸಿಗೆ ಕೇಳಿಸಿತು: "ವೇಟಿಂಗ್ ಲಿಸ್ಟ್ ಐತೆ? ಚಿಂತಿ ಮಾಡಬ್ಯಾಡ. ಸಾಹೇಬ್ರ ಲೆಟರ್ ಹಾಕಸ್ತೀನಿ, ಎಮರ್ಜೆನ್ಸಿ ಕೋಟಾದಾಗ ರಾತ್ರಿ ಕನ್ಫರ್ಮ್ ಆಗ್ತೈತಿ. ಪಿಎನ್‌ಆರ್ ನಂಬರ್ ವಾಟ್ಸಾಪ್ ಮಾಡು ಸಾಕು."

ನೋಡಿ, ಇದು ಬಿಟ್ಟಿ ಅಲ್ಲವಂತೆ! ತುರ್ತು ಇದ್ದವರಿಗೆ ಅಂತ ಎತ್ತಿಟ್ಟ ಬರ್ತು, ಸಾಹೇಬರ ಲೆಟರ್‌ಹೆಡ್ಡಿನ ಬಲದಿಂದ ಯಾರದ್ದೋ ಪಾಲಾಗುತ್ತೆ. ಅದೇ ರೈಲಿನ ವೇಟಿಂಗ್ ಲಿಸ್ಟಿನಲ್ಲಿ ಮೊದಲ ನಂಬರಿನಲ್ಲಿ ಇದ್ದವನು ಪ್ಲಾಟ್‌ಫಾರ್ಮಿನಲ್ಲಿ ನಿಂತು, ಚಾರ್ಟ್ ಯಾಕೆ ಹೀಗಾಯ್ತು ಅಂತ ಆಕಾಶ ನೋಡ್ತಾನೆ. ಅದಕ್ಕೆ ಹೆಸರು "ಸಾಹೇಬ್ರ ಸಹಾಯ". ಎಪ್ಪತ್ತರ ಹೆಂಗಸು ಕಣ್ಣು ತೋರಿಸೋಕೆ ಬಸ್ ಹತ್ತಿದರೆ ಅದು ಬಿಟ್ಟಿ.

ಅವತ್ತು ಮನೆಗೆ ಬಂದವನೇ ನಾನು ಮಾಡಿದ ಮೊದಲ ಕೆಲಸ ಅಂದ್ರೆ, ಈ ಸಾಹೇಬರುಗಳು ಏನೇನು ಕೊಟ್ಟು ಓಡಾಡ್ತಾರೆ ಅಂತ ಹುಡುಕಿ ಓದಿದ್ದು.

ಸಂಸದರ ಸಂಬಳ, ಭತ್ಯೆ, ಪಿಂಚಣಿಗೆ ಒಂದು ಕಾಯ್ದೆ ಇದೆ, 1954ರದ್ದು. ಎಷ್ಟೋ ಸಲ ತಿದ್ದುಪಡಿ ಆಗಿದೆ, ಒಂದು ಸಲವೂ ಇಳಿಮುಖವಾಗಿ ಅಲ್ಲ ಅನ್ನೋದನ್ನ ಹೇಳಬೇಕಾಗಿಲ್ಲ (ಕೊರೋನಾ ಬಂದಾಗ 2020ರಲ್ಲಿ ಒಂದು ವರ್ಷದ ಮಟ್ಟಿಗೆ ಸಂಬಳದಲ್ಲಿ 30% ಕಡಿತ ಮಾಡಿಕೊಂಡಿದ್ದರು. ಆ ಪುಣ್ಯವನ್ನು ಇಲ್ಲಿ ನಮೂದಿಸಿದ್ದೇನೆ). ಅದರ ಪ್ರಕಾರ ಸಂಸದರಿಗೆ ದೇಶದ ಯಾವ ಮೂಲೆಗೂ, ಯಾವಾಗ ಬೇಕಾದರೂ, ರೈಲಿನಲ್ಲಿ ಮೊದಲ ದರ್ಜೆ ಎಸಿ ಪಾಸು. ಸಂಗಡಿಗರೊಬ್ಬರಿಗೆ ಎರಡನೇ ದರ್ಜೆ ಎಸಿ. ವರ್ಷಕ್ಕೆ 34 ಸಲ ವಿಮಾನದಲ್ಲಿ ಒಂದು ಕಡೆಯ ಪ್ರಯಾಣ. ಇದು ಅಧಿವೇಶನ, ಸಮಿತಿ ಸಭೆಗಳಿಗೆ ಹೋಗಿಬರುವ ಲೆಕ್ಕ ಬಿಟ್ಟು! ಮಾಜಿ ಆದಮೇಲೂ ರೈಲು ಉಚಿತ, ಜೊತೆಗೊಬ್ಬರನ್ನು ಕರೆದುಕೊಂಡು ಎರಡನೇ ದರ್ಜೆ ಎಸಿಯಲ್ಲಿ, ಒಬ್ಬರೇ ಆದರೆ ಮೊದಲ ದರ್ಜೆಯಲ್ಲಿ. ಈ ಮಾಜಿಗಳ ಪಿಂಚಣಿ ಮತ್ತು ಪ್ರಯಾಣದ ವಿರುದ್ಧ ಲೋಕ ಪ್ರಹರಿ ಅನ್ನೋ ಸಂಸ್ಥೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. 2018ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯ್ತು. ಇದೆಲ್ಲ ಸಂಸತ್ತು ತೀರ್ಮಾನಿಸೋ ವಿಷಯ ಅಂತ. ಸರಿಯೇ, ಸಂವಿಧಾನದ 106ನೇ ವಿಧಿ ಹಾಗೇ ಹೇಳುತ್ತೆ. ಸಂಸದರ ಸಂಬಳ ಭತ್ಯೆ ಎಷ್ಟು ಅಂತ ಸಂಸತ್ತೇ ಕಾನೂನು ಮಾಡಿ ನಿರ್ಧರಿಸಬೇಕು. ಅಂದರೆ ಬಡಿಸುವವರೂ ಅವರೇ, ಎಲೆ ಮುಂದೆ ಕೂತವರೂ ಅವರೇ.

ಈಗ ಇನ್ನೊಂದು ಎಲೆ ನೋಡೋಣ. ರೈಲಿನಲ್ಲಿ 60 ದಾಟಿದ ಗಂಡಸರಿಗೆ 40%, 58 ದಾಟಿದ ಹೆಂಗಸರಿಗೆ 50% ರಿಯಾಯಿತಿ ಇತ್ತು. ನೆನಪಿದೆಯಾ? 2020ರ ಮಾರ್ಚ್ 20ರಂದು ಅದನ್ನು ನಿಲ್ಲಿಸಿದರು. ಕಾರಣ ಕೊರೋನಾ, ವಯಸ್ಸಾದವರು ಸುಮ್ಮಸುಮ್ಮನೆ ಓಡಾಡಬಾರದು ಅಂತ. ಒಪ್ಪೋಣ. ಕೊರೋನಾ ಹೋಯ್ತು. ಮಾಸ್ಕು ಹೋಯ್ತು. ರೈಲುಗಳೆಲ್ಲ ವಾಪಸ್ ಬಂದವು. ಐದು ವರ್ಷ ತುಂಬಿದ ಮೇಲೂ ರಿಯಾಯಿತಿ ಮಾತ್ರ ವಾಪಸ್ ಬರಲಿಲ್ಲ. ಸಂಸತ್ತಿನಲ್ಲಿ ಕೇಳಿದಾಗಲೆಲ್ಲ ರೈಲ್ವೆ ಸಚಿವರ ಉತ್ತರ ಒಂದೇ: ಎಲ್ಲ ಪ್ರಯಾಣಿಕರಿಗೂ ಸರಾಸರಿ 46% ಸಬ್ಸಿಡಿ ಈಗಾಗಲೇ ಕೊಡ್ತಾ ಇದ್ದೇವೆ. ಅಂದರೆ 100 ರೂಪಾಯಿ ಖರ್ಚಿನ ಪ್ರಯಾಣಕ್ಕೆ ನೀವು ಕೊಡೋದು 54 ಅಷ್ಟೇ, ಸುಮ್ಮನಿರಿ ಅಂತ.

ಸ್ವಾಮೀ, ಆ ಪ್ರಶ್ನೆ ಕೇಳಿದ ಸಂಸದರು ಆ ಊರಿಗೆ ಬಂದದ್ದು ಎಷ್ಟು ಕೊಟ್ಟು? ಉತ್ತರ ಹೇಳಿದ ಸಚಿವರು? ಅವರ ವಿಷಯದಲ್ಲಿ ಸಬ್ಸಿಡಿ ನೂರಕ್ಕೆ ನೂರು. ಕೊರೋನಾ ನೆಪದಲ್ಲಿ ನಿಂತದ್ದು ಮುದುಕರ ರಿಯಾಯಿತಿ, ಸಂಸದರ ಪಾಸಿಗೆ ಯಾವ ವೈರಸ್ಸೂ ತಗುಲಲಿಲ್ಲ.

ರಾಜ್ಯದ ಕಡೆ ಬರೋಣ, ಇಲ್ಲದಿದ್ದರೆ ನಾನು ಒಂದೇ ಪಕ್ಷಕ್ಕೆ ಬೈತೀನಿ ಅಂತ ಹೊಡೆಯೋಕೆ ಬರ್ತೀರಿ. 2025ರ ಜನವರಿ 5ರಂದು ನಮ್ಮ ಸರ್ಕಾರಿ ಬಸ್ಸುಗಳ ದರ 15% ಏರಿತು. ಫೆಬ್ರವರಿ 9ಕ್ಕೆ ಬೆಂಗಳೂರಿನ ಮೆಟ್ರೋ ಸರದಿ. ಗರಿಷ್ಠ ದರ 60 ಇದ್ದದ್ದು 90 ರೂಪಾಯಿ. ಡೀಸೆಲ್ ದರ ಏರಿದೆ, ನೌಕರರ ಸಂಬಳ ಏರಿದೆ, ಬೇರೆ ದಾರಿ ಇಲ್ಲ ಅಂದ್ರು. ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ, ಪೀಠದ ಮೇಲೆ ಕಾಗದ ಹರಿದು ತೂರಾಟ, ಬಿಜೆಪಿಯ 18 ಶಾಸಕರ ಅಮಾನತು. ಆ ಗಲಾಟೆಯ ನಡುವೆಯೇ ಸದ್ದಿಲ್ಲದೆ ಒಂದು ಕೆಲಸ ಆಗಿಹೋಯ್ತು. ಮುಖ್ಯಮಂತ್ರಿ ಸಂಬಳ ತಿಂಗಳಿಗೆ 75 ಸಾವಿರದಿಂದ ಒಂದೂವರೆ ಲಕ್ಷ. ಸಚಿವರದ್ದು 60 ಸಾವಿರದಿಂದ 1.25 ಲಕ್ಷ. ಶಾಸಕರದ್ದು 40 ಸಾವಿರದಿಂದ 80 ಸಾವಿರ. ಭತ್ಯೆಗಳೂ ಏರಿದವು. ಚರ್ಚೆ? ಎಲ್ಲಿಯ ಚರ್ಚೆ! ಕಾಲೆಳೆಯೋಕೆ, ಕಾಗದ ಹರಿಯೋಕೆ ಎರಡು ಬಣ ಇದ್ದವು. ಇದಕ್ಕೆ ಮಾತ್ರ ಒಂದೇ ಬಣ.

ಅದೇ ದಿನಗಳಲ್ಲಿ ದೆಹಲಿಯಲ್ಲೂ ಸಂಸದರ ಸಂಬಳ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿದ ಅಧಿಸೂಚನೆ ಬಂತು. ಅದೂ 2023ರ ಏಪ್ರಿಲ್‌ನಿಂದ ಪೂರ್ವಾನ್ವಯ. ಅಲ್ಲಿ ಗದ್ದಲವೂ ಬೇಕಿರಲಿಲ್ಲ. 2018ರಲ್ಲೇ ಕಾನೂನು ಮಾಡಿಟ್ಟುಕೊಂಡಿದ್ದಾರೆ, ಐದು ವರ್ಷಕ್ಕೊಮ್ಮೆ ಹಣದುಬ್ಬರದ ಸೂಚ್ಯಂಕ ನೋಡಿ ತನ್ನಷ್ಟಕ್ಕೆ ತಾನೇ ಏರೋ ಹಾಗೆ. ನಮ್ಮ ಅಂಗನವಾಡಿಯವರು ಒಂದೊಂದು ಸಾವಿರಕ್ಕೂ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಚಳಿ ಅನ್ನದೆ ಕೂರಬೇಕು. ಅವರಿಗೂ ಹಣದುಬ್ಬರ ಇದೆ ಅಂತ ಸೂಚ್ಯಂಕಕ್ಕೆ ಯಾರೂ ಹೇಳಿಲ್ಲವೇನೋ.

ಇಷ್ಟು ಓದಿದ ಮೇಲೆ ನನ್ನ ಗೆಳೆಯನೊಬ್ಬ ಒಂದು ಮಾತು ಕೇಳ್ತಾನೆ ಅಂತ ಗೊತ್ತು. ಅವನದ್ದು ಯಾವಾಗಲೂ ಇದೇ ಪ್ರಶ್ನೆ: "ಅಲ್ಲ ಮಾರಾಯಾ, ಬೀದರಿನ ಶಾಸಕ ಬೆಂಗಳೂರಿಗೆ ನಡೆದುಕೊಂಡು ಬರಬೇಕಾ?" ಬೇಡ. ಖಂಡಿತ ಬೇಡ. ಬೀದರಿನವರು, ಲಕ್ಷದ್ವೀಪದವರು, ಅಂಡಮಾನಿನವರು ತಮ್ಮ ಜನರ ಪರವಾಗಿ ರಾಜಧಾನಿಗೆ ಬರಬೇಕು, ವಾಪಸ್ ಹೋಗಿ ಜನರನ್ನು ಕಾಣಬೇಕು. ಆ ಖರ್ಚು ನಾವು ಕೊಡಬೇಕು. ಕೊಡದಿದ್ದರೆ ಹಣ ಇರೋರು ಮಾತ್ರ ಎಂಎಲ್ಎ, ಎಂಪಿ ಆಗ್ತಾರೆ (ಈಗೇನು ಬಡವರು ಆಗ್ತಾ ಇದ್ದಾರಾ ಅಂತ ನಗಬೇಡಿ, ತತ್ವದ ಮಾತು ಹೇಳ್ತಿದ್ದೀನಿ). ಮತ್ತೆ ಇಡೀ ಬಜೆಟ್ ಮುಂದೆ ಈ ಖರ್ಚು ಊಟದೆಲೆಯ ಉಪ್ಪಿನಕಾಯಿಯಷ್ಟೂ ಇಲ್ಲ, ಅದೂ ನಿಜ. ಇವರೆಲ್ಲ ನಾಳೆಯಿಂದ ಸೈಕಲ್ ತುಳಿದರೂ ರಾಜ್ಯದ ಸಾಲ ತೀರಲ್ಲ.

ಹಾಗಾದರೆ ಸಿಟ್ಟು ಯಾಕೆ? ರೊಕ್ಕಕ್ಕಲ್ಲ. ಅದು ತಮ್ಮ ಹಕ್ಕು, ನಮ್ಮದು ಭಿಕ್ಷೆ ಅಂತ ಅವರು ತಿಳಿದಿರೋದಕ್ಕೆ. 2022ರ ಜುಲೈನಲ್ಲಿ ಉತ್ತರ ಪ್ರದೇಶದಲ್ಲಿ ಒಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಮಾಡ್ತಾ ಪ್ರಧಾನಿಗಳು ಉಚಿತ ಯೋಜನೆಗಳನ್ನು "ರೇವಡಿ" ಅಂತ ಕರೆದರು. ಮುಂದಿನ ವರ್ಷ ಜೂನ್ 11ಕ್ಕೆ ಇಲ್ಲಿ ಶಕ್ತಿ ಯೋಜನೆ ಶುರುವಾದಾಗ "ಬಿಟ್ಟಿ ಭಾಗ್ಯ" ಅನ್ನೋ ಪದ ಟೀವಿ ತುಂಬಾ. ಯೋಜನೆ ತಂದ ಪಕ್ಷದವರೂ ಏನು ಕಮ್ಮಿಯಿಲ್ಲ. 2024ರ ಅಕ್ಟೋಬರ್‌ನಲ್ಲಿ ಉಪಮುಖ್ಯಮಂತ್ರಿ ಆಗಿದ್ದ ಡಿ.ಕೆ. ಶಿವಕುಮಾರ್, ಕೆಲವು ಹೆಣ್ಣುಮಕ್ಕಳು ಟಿಕೆಟ್ಟಿಗೆ ದುಡ್ಡು ಕೊಡೋಕೆ ತಯಾರಿದ್ದಾರೆ, ಯೋಚನೆ ಮಾಡೋಣ ಅಂದುಬಿಟ್ಟರು. ಗಲಾಟೆಯಾಯ್ತು, ಮಾತು ವಾಪಸ್ ಆಯ್ತು. ಒಳ್ಳೇದು. ಆದರೆ ಟಿಕೆಟ್ಟಿಗೆ ದುಡ್ಡು ಕೊಡೋಕೆ ತಯಾರಿರುವ ಶಾಸಕರು ಎಷ್ಟು ಜನ ಅಂತ ಒಂದು ಸಮೀಕ್ಷೆ ಮಾಡಿಸಿದ್ದರೆ ಚೆನ್ನಾಗಿರುತ್ತಿತ್ತು.

ಈ "ತಮ್ಮ ಹಕ್ಕು" ಅನ್ನೋದು ತಲೆಗೆ ಏರಿದರೆ ಹೇಗಿರುತ್ತೆ ಅಂತ ನೋಡಬೇಕಾದರೆ 2017ರ ಮಾರ್ಚ್ 23 ನೆನಪು ಮಾಡಿಕೊಳ್ಳಿ. ಶಿವಸೇನೆಯ ಸಂಸದ ರವೀಂದ್ರ ಗಾಯಕ್ವಾಡ್ ಪುಣೆಯಿಂದ ದೆಹಲಿಗೆ ವಿಮಾನದಲ್ಲಿ ಬಂದರು. ಕೈಯಲ್ಲಿ ಬಿಸಿನೆಸ್ ಕ್ಲಾಸಿನ ಕೂಪನ್ನು. ವಿಮಾನದಲ್ಲಿ ಬಿಸಿನೆಸ್ ಕ್ಲಾಸೇ ಇಲ್ಲ, ಇಡೀ ವಿಮಾನ ಎಕಾನಮಿ! ದೆಹಲಿಯಲ್ಲಿ ಇಳಿಯೋದಿಲ್ಲ ಅಂತ ಕೂತರು. ಇಳಿಸೋಕೆ ಬಂದ ವಯಸ್ಸಾದ ಅಧಿಕಾರಿಗೆ ಚಪ್ಪಲಿಯಲ್ಲಿ ಹೊಡೆದರು. ಇದನ್ನು ನಾನು ಹೇಳ್ತಾ ಇಲ್ಲ, 25 ಸಲ ಹೊಡೆದೆ ಅಂತ ಅವರೇ ಟೀವಿ ಕ್ಯಾಮೆರಾ ಮುಂದೆ ಹೇಳಿದ್ದು. ವಿಮಾನ ಕಂಪನಿಗಳು ಸೇರಿ ಅವರಿಗೆ ಟಿಕೆಟ್ ಕೊಡೋದಿಲ್ಲ ಅಂದವು. ಆಮೇಲೆ? ಏಪ್ರಿಲ್ 6ರಂದು ಲೋಕಸಭೆಯಲ್ಲಿ ಅವರ ಪಕ್ಷದವರು ವಿಮಾನಯಾನ ಸಚಿವರನ್ನೇ ಮುತ್ತಿಕೊಂಡರು. ಮಾರನೇ ದಿನ ನಿಷೇಧ ತೆರವು. ಎರಡು ವಾರ ರೈಲಿನಲ್ಲಿ ಓಡಾಡಿದ್ದೇ ಶಿಕ್ಷೆ. ಆ ರೈಲೂ ಫ್ರೀ ಅನ್ನೋದನ್ನ ಮರೀಬೇಡಿ.

ಇನ್ನು ಸಿಟ್ಟು ಜಾಸ್ತಿ ಆದಾಗ ಇವರು ಆಡೋ ನಾಟಕ ಬೇರೆ. 2009ರ ಸೆಪ್ಟೆಂಬರ್. ಬರಗಾಲ, ಹಣಕಾಸಿನ ಬಿಕ್ಕಟ್ಟು, ಎಲ್ಲರೂ ಮಿತವ್ಯಯ ಮಾಡಿ ಅಂತ ಯುಪಿಎ ಸರ್ಕಾರದ ಕರೆ. ನೋಡಿದರೆ ವಿದೇಶಾಂಗ ಸಚಿವರಾಗಿದ್ದ ನಮ್ಮವರೇ ಎಸ್.ಎಂ. ಕೃಷ್ಣ, ಅವರ ಕೈಕೆಳಗಿನ ರಾಜ್ಯ ಸಚಿವ ಶಶಿ ತರೂರ್ ಇಬ್ಬರೂ ತಿಂಗಳುಗಟ್ಟಲೆ ಪಂಚತಾರಾ ಹೋಟೆಲಿನಲ್ಲಿ! ಸರ್ಕಾರಿ ಬಂಗಲೆ ತಯಾರಾಗಿರಲಿಲ್ಲವಂತೆ. ಸ್ವಂತ ದುಡ್ಡು ಅಂದ್ರು. ಪ್ರಣಬ್ ಮುಖರ್ಜಿ ಜಾಗ ಖಾಲಿ ಮಾಡಿ ಅಂದಮೇಲೆ ಹೊರಟರು. ಸೋನಿಯಾ ಗಾಂಧಿ ಎಕಾನಮಿ ಕ್ಲಾಸಿನಲ್ಲಿ ಮುಂಬೈಗೆ ಹೋದರು, ರಾಹುಲ್ ಶತಾಬ್ದಿಯಲ್ಲಿ ಲೂಧಿಯಾನಕ್ಕೆ ಹೋದರು, ಫೋಟೋ ಬಂತು. ನೀವೂ ಎಕಾನಮಿಯಲ್ಲಿ ಹೋಗ್ತೀರಾ ಅಂತ ಟ್ವಿಟರಿನಲ್ಲಿ ಯಾರೋ ಕೇಳಿದ್ದಕ್ಕೆ ತರೂರ್, ಹೂಂ, ನಮ್ಮ ಪವಿತ್ರ ಗೋವುಗಳ ಜೊತೆ ದನದ ದರ್ಜೆಯಲ್ಲೇ ಅನ್ನೋ ಅರ್ಥದ ಜೋಕು ಹೊಡೆದರು. ದೇಶವೆಲ್ಲ ರಂಪ. ನನಗೆ ಆಗಲೂ ಅನಿಸಿದ್ದು, ಈಗಲೂ ಅನಿಸೋದು: ಆ ಗುಂಪಿನಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ನಮ್ಮನ್ನೆಲ್ಲ ಕೂರಿಸಿಕೊಂಡು ಹೋಗೋ ಜಾಗಕ್ಕೆ ಅಲ್ಲಿ ಏನು ಹೆಸರಿದೆ ಅಂತ ನಮಗೆ ಗೊತ್ತಾಯ್ತಲ್ಲ!

ನನಗೆ ಈ ಒಂದು ದಿನದ ಎಕಾನಮಿ ಬೇಡವೇ ಬೇಡ. ಕೆಂಪು ದೀಪ ತೆಗೆದಾಗಲೂ (2017ರ ಮೇ 1ರಿಂದ) ನಾನು ಖುಷಿಪಟ್ಟಿದ್ದೆ. ದೀಪ ಹೋಯ್ತು, ಸೈರನ್ನು ಉಳೀತು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯ ಎರಡನೇ ಸಲ ಮುಖ್ಯಮಂತ್ರಿ ಆದ ಕೂಡಲೇ ನನಗೆ ಜೀರೋ ಟ್ರಾಫಿಕ್ ಬೇಡ ಅಂದಾಗ ಮನಸಾರೆ ಚಪ್ಪಾಳೆ ಹೊಡೆದವನು ನಾನು. ಆದರೆ ಒಬ್ಬರು ಬೇಡ ಅಂದರೆ ಸುದ್ದಿ ಆಗುತ್ತೆ ಅಂದರೆ, ಬೇಕು ಅನ್ನೋದೇ ಇಲ್ಲಿ ರೂಢಿ ಅಂತಾಯ್ತಲ್ಲ. 2017ರ ಜೂನ್‌ನಲ್ಲಿ ಟ್ರಿನಿಟಿ ಸರ್ಕಲ್ಲಿನಲ್ಲಿ ರಾಷ್ಟ್ರಪತಿಗಳ ವಾಹನ ಸಾಲನ್ನು ತಡೆದು ಆಂಬುಲೆನ್ಸ್ ಬಿಟ್ಟ ಟ್ರಾಫಿಕ್ ಸಬ್ ಇನ್ಸ್‌ಪೆಕ್ಟರಿಗೆ ಬಹುಮಾನ ಕೊಟ್ಟರು. ಕೊಡಲೇಬೇಕಿತ್ತು, ಕೊಟ್ಟರು. ಆದರೆ ಆಂಬುಲೆನ್ಸಿಗೆ ದಾರಿ ಬಿಡೋದು ಬಹುಮಾನ ಕೊಡುವಂಥ ಧೈರ್ಯದ ಕೆಲಸ ಆಗಿರೋ ಊರು ನಮ್ಮದು.

ಟೋಲ್ ಗೇಟಿನ ಹತ್ತಿರ ಒಂದು ದೊಡ್ಡ ಬೋರ್ಡು ಇರುತ್ತೆ, ಯಾರ್ಯಾರಿಗೆ ಶುಲ್ಕ ಇಲ್ಲ ಅಂತ. ರಾಷ್ಟ್ರಪತಿಗಳಿಂದ ಶುರುವಾಗಿ ಸಂಸದರು, ಗುರುತಿನ ಚೀಟಿ ತೋರಿಸಿದರೆ ತಮ್ಮ ರಾಜ್ಯದೊಳಗೆ ಶಾಸಕರು, ಹೀಗೆ ಇಳೀತಾ ಹೋಗುತ್ತೆ. ನನ್ನ ಕಾರಿನ ಸರದಿ ಬರೋವರೆಗೆ ಓದಿ ಮುಗಿಸೋಕಾಗದಷ್ಟು ಉದ್ದ. ಆಂಬುಲೆನ್ಸು, ಅಗ್ನಿಶಾಮಕ ದಳವೂ ಅದರಲ್ಲೇ ಇವೆ. ಅವುಗಳಿಗೆ ವಿನಾಯಿತಿ ಯಾಕೆ ಅಂತ ಯಾರೂ ಕೇಳಲ್ಲ. ಉಳಿದವರದ್ದು ಯಾಕೆ ಅನ್ನೋದಕ್ಕೆ ಯಾರೂ ಉತ್ತರ ಹೇಳಲ್ಲ. ಟೋಲ್ ದರ ಎಷ್ಟಿರಬೇಕು ಅಂತ ತೀರ್ಮಾನಿಸೋರು ಟೋಲ್ ಕೊಡದವರು. ಬಸ್ ದರ ಏರಿಸೋರು ಬಸ್ ಹತ್ತದವರು. ರೈಲಿನ ರಿಯಾಯಿತಿ ನಿಲ್ಲಿಸಿದವರು ಜೀವನದಲ್ಲಿ ವೇಟಿಂಗ್ ಲಿಸ್ಟ್ ನೋಡದವರು. ಪಾಸಿನ ನಿಜವಾದ ಬೆಲೆ ಇದು. ಅದು ಅವರ ಜೇಬು ಉಳಿಸುತ್ತೆ ಅನ್ನೋದಕ್ಕಿಂತ, ನಮ್ಮ ಜೇಬಿಗೆ ಕತ್ತರಿ ಬಿದ್ದಾಗ ಅವರಿಗೆ ನೋವಾಗದ ಹಾಗೆ ಮಾಡುತ್ತೆ.

ಬೇರೆ ಕಡೆ ಏನು ಮಾಡ್ತಾರೆ ಅಂತೀರಾ? ಆಸ್ಟ್ರೇಲಿಯಾದ ಲೋಕಸಭೆಯ ಸ್ಪೀಕರ್ ಆಗಿದ್ದ ಬ್ರಾನ್ವಿನ್ ಬಿಷಪ್ 2014ರಲ್ಲಿ ಮೆಲ್ಬರ್ನಿನಿಂದ ಜೀಲಾಂಗಿಗೆ, ಅಂದರೆ ಹೆಚ್ಚುಕಮ್ಮಿ ನಮ್ಮ ಹಾವೇರಿ–ಹುಬ್ಬಳ್ಳಿಯಷ್ಟು ದೂರಕ್ಕೆ, ಹೆಲಿಕಾಪ್ಟರಿನಲ್ಲಿ ಹೋದರು. ತಮ್ಮ ಪಕ್ಷಕ್ಕೆ ಚಂದಾ ಎತ್ತುವ ಸಭೆಗೆ. 5,227 ಡಾಲರ್ ಬಿಲ್ಲು ಸರ್ಕಾರದ ಖಾತೆಗೆ ಹಾಕಿದರು. 2015ರ ಜುಲೈನಲ್ಲಿ ಅದು ಹೊರಗೆ ಬಂತು. ಮೊದಲು ಕ್ಷಮೆ ಕೇಳಲ್ಲ ಅಂದರು, ದುಡ್ಡು ವಾಪಸ್ ಕಟ್ಟಿದರು, ಜನ ಬಿಡಲಿಲ್ಲ. ಆಗಸ್ಟ್ 2ಕ್ಕೆ ಸ್ಪೀಕರ್ ಹುದ್ದೆಯೇ ಹೋಯ್ತು. ಅಲ್ಲಿಗೂ ನಿಲ್ಲಲಿಲ್ಲ. 2017ರಲ್ಲಿ ಸಂಸದರ ಖರ್ಚು ನೋಡೋಕೆ ಸ್ವತಂತ್ರ ಪ್ರಾಧಿಕಾರ ಬಂತು. ಬ್ರಿಟನ್ನಿನಲ್ಲಿ 2009ರ ಖರ್ಚಿನ ಹಗರಣದ ನಂತರವೂ ಹಾಗೇ ಆಗಿತ್ತು. ನಮ್ಮಲ್ಲಿ ಶಾಸಕರು ಹೆಲಿಕಾಪ್ಟರಿನಲ್ಲಿ ಮದುವೆಗೆ ಬಂದರೆ ಊರಿನವರೇ ಹೂವಿನ ಹಾರ ಹಿಡಿದು ಹೆಲಿಪ್ಯಾಡಿಗೆ ಓಡ್ತೀವಿ. ತಪ್ಪು ನಮ್ಮದೂ ಇದೆ, ಇಲ್ಲ ಅನ್ನಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಮೊದಲು ತಮ್ಮ ಜೇಬಿನಿಂದ ಟಿಕೆಟ್ ತಗೊಳ್ಳಲಿ, ನಮ್ಮ ಹಾಗೆ ಕ್ಯೂನಲ್ಲಿ, ನಮ್ಮ ಹಾಗೆ ತತ್ಕಾಲಿನಲ್ಲಿ ಸರ್ವರ್ ತಿರುಗೋದನ್ನ ನೋಡ್ತಾ. ಆಮೇಲೆ ಬಿಲ್ಲು ಹಾಕಲಿ, ಯಾವ ಗುಮಾಸ್ತ ಹಾಕೋ ಹಾಗೆಯೇ. ಎಲ್ಲಿಗೆ ಹೋಗಿದ್ದರು, ಯಾಕೆ ಹೋಗಿದ್ದರು, ಎಷ್ಟಾಯ್ತು ಅಂತ ಮೂರು ತಿಂಗಳಿಗೊಮ್ಮೆ ಹೆಸರು ಹಾಕಿ ಪ್ರಕಟಿಸಲಿ. ದರ ನಿರ್ಧರಿಸೋದು ಅವರಲ್ಲದ ಬೇರೆ ಯಾರೋ ಮಾಡಲಿ. ಮತ್ತೆ ಮುದುಕರ ರಿಯಾಯಿತಿ ವಾಪಸ್ ಬರೋವರೆಗೆ ಮಾಜಿಗಳ ಪಾಸನ್ನು ನಿಲ್ಲಿಸಿಡಲಿ. ಕೊರೋನಾ ಅನ್ನೋ ಕಾರಣವನ್ನೇ ಕೊಡಲಿ, ನಮಗೆ ಅಭ್ಯಾಸ ಇದೆ.

ಈಗ ಅವ್ವನ ವಿಷಯಕ್ಕೆ. ಹದಿನೈದು ದಿನ ಬಿಟ್ಟು ಮತ್ತೆ ಹುಬ್ಬಳ್ಳಿಗೆ ಹೋಗಬೇಕಿತ್ತು, ಆಪರೇಷನ್ ದಿನ ಗೊತ್ತು ಮಾಡೋಕೆ. ಅದೇ ಹೊತ್ತಿನ ಬಸ್ಸು. ಕಂಡಕ್ಟರ್ ಬಂದು ಕೈ ಚಾಚಿದ.

"ಎರಡು ಹುಬ್ಬಳ್ಳಿ ಕೊಡ್ರಿ" ಅಂದಳು ಅವ್ವ, ಸೀರೆ ಸೆರಗಿನ ಗಂಟು ಬಿಚ್ಚುತ್ತಾ.

"ಆಧಾರ್ ಕಾರ್ಡ್ ತೋರಸ್ರಿ ಅವ್ವಾರ, ನಿಮಗ ರೊಕ್ಕ ಇಲ್ಲ."

"ತಂದಿಲ್ಲಪಾ. ಮರತೀನಿ."

ಆತ ನನ್ನ ಮುಖ ನೋಡಿದ. ನಾನು ಅವ್ವನ ಚೀಲ ನೋಡಿದೆ. ಪ್ಲಾಸ್ಟಿಕ್ ಕವರಿನ ತುದಿ ಅದರಲ್ಲೇ ಕಾಣ್ತಾ ಇತ್ತು. ಅವ್ವ ಅದರ ಮೇಲೆ ಟವೆಲ್ ಎಳೆದಳು, ಎರಡೂ ಟಿಕೆಟ್ಟಿನ ದುಡ್ಡು ಎಣಿಸಿ ಕೊಟ್ಟಳು.